ವಿಮಾನದ ಬಿಡಿಭಾಗ ರಷ್ಯಾಕ್ಕೆ ಸಾಗಿಸುವ ಸಂಚು: ದೆಹಲಿ ಉದ್ಯಮಿಗೆ ಅಮೆರಿಕದಲ್ಲಿ ಜೈಲು ಏಕೆ? ಏನಿದು ರಫ್ತು ನಿಯಂತ್ರಣ?

ನವದೆಹಲಿ: ಭಾರತದ ಹೆಸರಿನಲ್ಲಿ ವಿಮಾನದ ಬಿಡಿಭಾಗ ಖರೀದಿಸಿ ರಷ್ಯಾಕ್ಕೆ ಕಳುಹಿಸಲು ಸಂಚು ರೂಪಿಸಿದ ದೆಹಲಿಯ ಉದ್ಯಮಿಯೊಬ್ಬರಿಗೆ ಅಮೆರಿಕದ ನ್ಯಾಯಾಲಯ 2026ರ ಜನವರಿಯಲ್ಲಿ 30 ತಿಂಗಳ ಜೈಲು ಶಿಕ್ಷೆ ವಿಧಿಸಿದೆ. ವಿಶೇಷವೆಂದರೆ, ಆ ಬಿಡಿಭಾಗ ಅಮೆರಿಕದ ಗಡಿ ದಾಟಿಯೇ ಇರಲಿಲ್ಲ. ಹಾಗಾದರೆ ಅಪರಾಧ ಯಾವುದು?

ಏನಿದು ಪ್ರಕರಣ?
ಹಾರಾಟದ ವೇಳೆ ವಿಮಾನದ ದಿಕ್ಕು ಮತ್ತು ವಾಲುವಿಕೆಯ ಮಾಹಿತಿ ನೀಡುವ ಉಪಕರಣವನ್ನು ಒರೆಗಾನ್‌ ರಾಜ್ಯದ ಪೂರೈಕೆದಾರರಿಂದ ತರಿಸಿಕೊಳ್ಳಲು ಆರೋಪಿ ಮುಂದಾಗಿದ್ದರು. ಇದನ್ನು ರಷ್ಯಾಕ್ಕೆ ಕಳುಹಿಸಲು ಅಮೆರಿಕದ ವಾಣಿಜ್ಯ ಇಲಾಖೆಯ ಪರವಾನಗಿ ಬೇಕು. ಆದರೆ ತಮ್ಮ ಕಂಪನಿಯೇ ಅಂತಿಮ ಖರೀದಿದಾರ, ನಾಗರಿಕ ಹೆಲಿಕಾಪ್ಟರ್‌ಗೆ ಇದನ್ನು ಬಳಸಲಾಗುವುದು ಎಂದು ದಾಖಲೆಯಲ್ಲಿ ಸುಳ್ಳು ಹೇಳಲಾಗಿತ್ತು. ಸರಕನ್ನು ಅಮೆರಿಕದಲ್ಲೇ ತಡೆಹಿಡಿಯಲಾಯಿತು. 2024ರ ಅಕ್ಟೋಬರ್‌ನಲ್ಲಿ ಮಯಾಮಿಯಲ್ಲಿ ಬಂಧಿತರಾದ ಉದ್ಯಮಿ, ಮರುವರ್ಷ ತಪ್ಪೊಪ್ಪಿಕೊಂಡರು. ಅಂದರೆ ಶಿಕ್ಷೆಗೆ ಕಾರಣವಾದದ್ದು ಸರಕು ತಲುಪಿದ್ದಲ್ಲ, ಸುಳ್ಳು ದಾಖಲೆ ನೀಡಿ ಸಾಗಿಸಲು ನಡೆಸಿದ ಸಂಚು.

ಭಾರತದ ಕಾನೂನು ಏನು ಹೇಳುತ್ತದೆ?
ನಾಗರಿಕ ಹಾಗೂ ಸೇನಾ ಬಳಕೆ ಎರಡಕ್ಕೂ ಒದಗುವ ವಸ್ತುಗಳಿಗೆ ಭಾರತದಲ್ಲೂ 'ಸ್ಕೋಮೆಟ್‌' ಎಂಬ ಪಟ್ಟಿಯಿದೆ. ವಿಶೇಷ ರಾಸಾಯನಿಕ, ಸೂಕ್ಷ್ಮಜೀವಿ, ಸಾಮಗ್ರಿ, ಉಪಕರಣ ಮತ್ತು ತಂತ್ರಜ್ಞಾನಗಳು ಇದರಲ್ಲಿವೆ. ಇವುಗಳ ರಫ್ತಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಅನುಮತಿ ಬೇಕು. ತಾಂತ್ರಿಕ ನಕ್ಷೆ, ಸಾಫ್ಟ್‌ವೇರ್‌ ಇ-ಮೇಲ್‌ನಲ್ಲಿ ಕಳುಹಿಸಿದರೂ ನಿಯಮ ಅನ್ವಯಿಸುತ್ತದೆ. 1992ರ ವಿದೇಶ ವ್ಯಾಪಾರ ಕಾಯ್ದೆ ಹಾಗೂ 2005ರ ಸಾಮೂಹಿಕ ವಿನಾಶಕ ಅಸ್ತ್ರಗಳ ಕಾಯ್ದೆ ಇದಕ್ಕೆ ಆಧಾರ.

ಗೊಂದಲ ಎಲ್ಲಿ?
ವಿಶ್ವಸಂಸ್ಥೆ ವಿಧಿಸಿದ ನಿರ್ಬಂಧಗಳನ್ನು ಮಾತ್ರ ಭಾರತ ಒಪ್ಪುತ್ತದೆ. ರಷ್ಯಾ ಮೇಲಿನ ಅಮೆರಿಕದ ನಿರ್ಬಂಧ ಆ ಸಾಲಿಗೆ ಸೇರಿಲ್ಲ. 2024ರಲ್ಲಿ ಭಾರತದ ಹಲವು ಕಂಪನಿಗಳ ಮೇಲೆ ಅಮೆರಿಕ ನಿರ್ಬಂಧ ಹೇರಿದಾಗ, ಆ ವಹಿವಾಟುಗಳು ಭಾರತದ ಕಾನೂನನ್ನು ಉಲ್ಲಂಘಿಸಿಲ್ಲ ಎಂದು ವಿದೇಶಾಂಗ ಸಚಿವಾಲಯ ಹೇಳಿತ್ತು. ಆದರೆ ಅಮೆರಿಕದ ಕಾನೂನು ತನ್ನ ಸರಕಿನ ಬೆನ್ನು ಬಿಡುವುದಿಲ್ಲ. ಭಾರತಕ್ಕೆ ಬಂದ ಮೇಲೂ ಅದನ್ನು ಮೂರನೇ ದೇಶಕ್ಕೆ ಮರುರಫ್ತು ಮಾಡಲು ಅದರ ಅನುಮತಿ ಬೇಕಾಗಬಹುದು.

ರಫ್ತುದಾರರು ಏನು ಮಾಡಬೇಕು?
ಬೆಂಗಳೂರಿನ ಏರೋಸ್ಪೇಸ್‌ ಘಟಕಗಳಿಗೂ ಇದು ಎಚ್ಚರಿಕೆ. ಸರಕು ಸ್ಕೋಮೆಟ್‌ ಪಟ್ಟಿಯಲ್ಲಿದೆಯೇ, ಎಲ್ಲಿ ತಯಾರಾಗಿದೆ, ಕೊನೆಗೆ ಯಾರು ಬಳಸುತ್ತಾರೆ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಅಂತಿಮ ಬಳಕೆದಾರರ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ದೆಹಲಿ ಉದ್ಯಮಿಯ ಪ್ರಕರಣದಲ್ಲಿ ಮುಳುವಾಗಿದ್ದು ಅಂತಿಮ ಬಳಕೆದಾರರ ಕುರಿತ ಸುಳ್ಳೇ.