ಬೆಳೆದ ನಾಯಿಗೊಂದು ಮನೆ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆ ಕನ್ನಡಿಗರಾದ ನಮಗೆಲ್ಲ ಚಿರಪರಿಚಿತ. ಎರಡು ವರ್ಷಗಳ ಹಿಂದೆ ಪ್ರಾಣಿಗಳ ಆಶ್ರಯಧಾಮವೊಂದರಿಂದ ಸುಮಾರು ಐದು ವರ್ಷ ವಯಸ್ಸಿನ ಹೆಣ್ಣು ನಾಯಿಯನ್ನು ಮನೆಗೆ ತರಲು ನಾವು ನಿಶ್ಚಯಿಸಿದಾಗ, ಮುಲುಂಡಿನ ನಮ್ಮ ಸೊಸೈಟಿಯಲ್ಲೂ ಬಂಧುಬಳಗದಲ್ಲೂ ಈ ಗಾದೆಯನ್ನು ನೆನಪಿಸದವರೇ ವಿರಳ. ‘ತರುವುದಾದರೆ ಮರಿಯನ್ನೇ ತನ್ನಿ, ನಿಮ್ಮ ಕೈಯಲ್ಲೇ ಬೆಳೆಯುತ್ತದೆ. ಬೆಳೆದ ನಾಯಿ ಎಂದಿಗೂ ನಿಮ್ಮದಾಗದು’ ಎಂಬುದು ಎಲ್ಲರ ಹಿತವಚನವಾಗಿತ್ತು. ಈ ಮಾತಿನಲ್ಲಿ ಎಷ್ಟು ಸತ್ಯವಿದೆ, ಬೆಳೆದ ನಾಯಿಯನ್ನು ದತ್ತು ಪಡೆಯುವವರು ಏನೇನನ್ನು ತಿಳಿದಿರಬೇಕು ಎಂಬುದನ್ನು ನಮ್ಮ ಅನುಭವದ ಹಿನ್ನೆಲೆಯಲ್ಲಿ ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಶ್ರಯಧಾಮದಲ್ಲಿ ಇರುವವು ಯಾವ ನಾಯಿಗಳು?

ಆಶ್ರಯಧಾಮವೆಂದೊಡನೆ ಬೀದಿಯಿಂದ ಹಿಡಿದು ತಂದ ನಾಯಿಗಳ ದೊಡ್ಡಿಯ ಚಿತ್ರ ಕಣ್ಣ ಮುಂದೆ ಬರುವುದು ಸಹಜ. ಆದರೆ ಅಲ್ಲಿ ಹಲವು ಬಗೆಯ ನಾಯಿಗಳಿರುತ್ತವೆ. ವಾಹನಕ್ಕೆ ಸಿಕ್ಕಿಯೋ ಕಾಯಿಲೆಗೆ ತುತ್ತಾಗಿಯೋ ಬಂದು ಗುಣಮುಖವಾದ ಬೀದಿ ನಾಯಿಗಳು ಒಂದು ಕಡೆಯಾದರೆ, ಮನೆಯವರೇ ತಂದು ಬಿಟ್ಟುಹೋದ ಸಾಕುನಾಯಿಗಳು ಇನ್ನೊಂದು ಕಡೆ. ಮರಿ ಹಾಕಿಸಿ ಮಾರುವವರು ಇನ್ನು ಪ್ರಯೋಜನವಿಲ್ಲವೆಂದು ಕೈಬಿಟ್ಟ ಜಾತಿ ನಾಯಿಗಳೂ ಅವುಗಳ ನಡುವೆ ಇರುತ್ತವೆ. ವರ್ಗಾವಣೆ, ವಿದೇಶಪ್ರಯಾಣ, ಬಾಡಿಗೆ ಮನೆಯ ಒಡೆಯರ ನಿರಾಕರಣೆ, ಸಾಕಿದ ಹಿರಿಯರ ನಿಧನ ಮುಂತಾದವುಗಳಿಂದಾಗಿ ಮನೆ ಕಳೆದುಕೊಂಡ ನಾಯಿಗಳಲ್ಲಿ ದೋಷ ಹುಡುಕುವುದು ನ್ಯಾಯವಲ್ಲ. ನಾವು ತಂದ ಮೋತಿಯ ಕಥೆಯೂ ಅಂಥದೇ. ಸಾಕಿದ ವೃದ್ಧೆ ತೀರಿಕೊಂಡ ಮೇಲೆ ಮನೆಯವರು ಅದನ್ನು ಹೊರಗೆ ಬಿಟ್ಟಿದ್ದರು. ಕೆಲವು ತಿಂಗಳು ಬೀದಿಯಲ್ಲಿ ಅಲೆದು, ಮುಂಗಾಲಿಗೆ ಪೆಟ್ಟಾಗಿ, ಅದು ಆಶ್ರಯಧಾಮ ಸೇರಿತ್ತು.

ಮರಿಯೋ, ಬೆಳೆದದ್ದೋ?

ಮರಿಯ ಆಕರ್ಷಣೆಯನ್ನು ಅಲ್ಲಗಳೆಯುವವರಾರು? ಆದರೆ ಅದನ್ನು ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವ ನಾಲ್ಕರಿಂದ ಆರನೆಯ ತಿಂಗಳವರೆಗೆ ಚಪ್ಪಲಿಯಿಂದ ಸೋಫಾದವರೆಗೆ ಯಾವುದೂ ಉಳಿಯದು. ದೊಡ್ಡದಾದ ಮೇಲೆ ಅದರ ಗಾತ್ರವೆಷ್ಟು, ಸ್ವಭಾವವೆಂಥದು ಎಂಬುದನ್ನು ಮೊದಲೇ ಹೇಳಲಾಗದು. ಬೆಳೆದ ನಾಯಿಯಲ್ಲಿ ಇವೆಲ್ಲ ಬಹುಮಟ್ಟಿಗೆ ಕಣ್ಣಿಗೆ ಕಾಣುತ್ತವೆ. ಮಕ್ಕಳೆಂದರೆ ಹೇಗೆ, ಬೆಕ್ಕೆಂದರೆ ಹೇಗೆ, ಒಂಟಿಯಾಗಿ ಇರಬಲ್ಲದೇ ಎಂಬುದನ್ನು ದಿನವೂ ನೋಡಿಕೊಳ್ಳುವ ಕಾರ್ಯಕರ್ತರೇ ಹೇಳಬಲ್ಲರು. ಆರೋಗ್ಯವಂತ ಬೆಳೆದ ನಾಯಿ ಆರರಿಂದ ಎಂಟು ಗಂಟೆ ಮೂತ್ರ ತಡೆಯಬಲ್ಲದಾದುದರಿಂದ ಕಚೇರಿಗೆ ಹೋಗುವವರಿಗೂ ಅನುಕೂಲ.

ವಯಸ್ಸಿನ ಲೆಕ್ಕವೂ ಒಂದಿದೆ. ಸಾಲ ಮಂಜೂರು ಮಾಡುವಾಗ ಸಾಲಗಾರರ ನಿವೃತ್ತಿಯ ದಿನಾಂಕವನ್ನು ತಪ್ಪದೆ ನೋಡುವ ಬ್ಯಾಂಕಿನವರಾದ ನಾವು, ನಾಯಿ ತರುವಾಗ ಮೊದಲಿಗೆ ಅದನ್ನು ಮರೆತಿದ್ದೆವು. ಚೆನ್ನಾಗಿ ನೋಡಿಕೊಂಡ ನಾಯಿ ಹದಿನಾಲ್ಕು ವರ್ಷ ಬದುಕುವುದು ಅಪರೂಪವೇನಲ್ಲ. ಆಗ ನಮಗೆ 56. ಮರಿಯನ್ನು ತಂದಿದ್ದರೆ, ಅದಕ್ಕೆ ಮುಪ್ಪು ಅಡರುವ ಹೊತ್ತಿಗೆ ನಮಗೆ 70 ತುಂಬುತ್ತಿತ್ತು. ಕೈಹಿಡಿದು ನಡೆಸಬೇಕಾದ ಎರಡು ಮುಪ್ಪುಗಳು ಒಂದೇ ಮನೆಯಲ್ಲಿ ಸೇರುವ ಬದಲು, ನಡುವಯಸ್ಸಿನವರಿಗೆ ನಡುವಯಸ್ಸಿನ ಸಂಗಾತಿಯೇ ಮೇಲು ಎನಿಸಿತು.

ಬೆಳೆದ ನಾಯಿಯ ಹಿಂದಿನ ಬದುಕು ನಮಗೆ ಪೂರ್ತಿ ತಿಳಿಯುವುದಿಲ್ಲ ಎಂಬ ತೊಡಕನ್ನು ಮಾತ್ರ ಮುಚ್ಚಿಡಬಾರದು. ಅದು ಯಾವುದಕ್ಕೆ ಹೆದರುತ್ತದೆ ಎಂಬುದು ಮನೆಗೆ ಬಂದ ಮೇಲೆಯೇ ಗೊತ್ತಾಗುವುದು.

ಕರೆತರುವ ಮುನ್ನ

ಮುಂಬೈಯಲ್ಲಿ 1874ರಲ್ಲಿ ಸ್ಥಾಪನೆಯಾದ ಪ್ರಾಣಿದಯಾ ಸಂಘವು ಪರೇಲ್‌ನಲ್ಲಿ ಪ್ರಾಣಿಗಳ ಆಸ್ಪತ್ರೆಯನ್ನು ನಡೆಸುತ್ತಿದೆ. ಚೆನ್ನೈಯಲ್ಲಿ 1959ರಿಂದ ಬ್ಲೂ ಕ್ರಾಸ್, ದೆಹಲಿಯಲ್ಲಿ 1979ರಿಂದ ಫ್ರೆಂಡಿಕೋಸ್, ಬೆಂಗಳೂರಿನಲ್ಲಿ 1991ರಿಂದ ಕ್ಯೂಪಾ, ಹೈದರಾಬಾದಿನಲ್ಲಿ 1992ರಿಂದ ಬ್ಲೂ ಕ್ರಾಸ್ ಈ ಸೇವೆಯಲ್ಲಿ ತೊಡಗಿವೆ. ದತ್ತು ಬಯಸುವವರು ಇಂಥ ಸಂಸ್ಥೆಗಳಲ್ಲಿ ವಿಚಾರಿಸಬಹುದು. ಅವರು ಅರ್ಜಿ ಕೇಳುತ್ತಾರೆ, ಅನೇಕ ವೇಳೆ ಮನೆಗೇ ಬಂದು ನೋಡುತ್ತಾರೆ, ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಇದರಿಂದ ಬೇಸರಿಸಬೇಕಾಗಿಲ್ಲ. ಗುರುತು ಪರಿಶೀಲಿಸದೆ ನಾವು ಖಾತೆಯನ್ನೇ ತೆರೆಯುವುದಿಲ್ಲ, ಒಂದು ಜೀವವನ್ನು ಒಪ್ಪಿಸುವವರು ಇಷ್ಟಾದರೂ ಕೇಳಬೇಡವೇ?

ಒಂದೇ ಭೇಟಿಗೆ ನಿರ್ಧರಿಸದೆ ಎರಡು ಮೂರು ಸಲ ಹೋಗಿ, ನಾಯಿಯನ್ನು ಹೊರಗೆ ನಡೆದಾಡಿಸಿ ನೋಡುವುದು ಉತ್ತಮ. ಮನೆಯ ಸದಸ್ಯರೆಲ್ಲ ಒಮ್ಮೆಯಾದರೂ ಅದನ್ನು ಕಾಣಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಮುಂತಾದವುಗಳ ದಾಖಲೆಯನ್ನು ಕೇಳಿ ಪಡೆಯಬೇಕು. ಬೀದಿಯಿಂದ ಬಂದ ನಾಯಿಯ ಕಿವಿಯಂಚಿನಲ್ಲಿ ಸಣ್ಣ ಕತ್ತರಿಕೆಯಿದ್ದರೆ ಗಾಬರಿ ಬೇಡ, ಅದು ಶಸ್ತ್ರಚಿಕಿತ್ಸೆಯಾಗಿದೆ ಎಂಬುದರ ಗುರುತು.

ನಮ್ಮ ಮನೆಯಲ್ಲಿ 82 ವರ್ಷದ ತಾಯಿಯವರ ಒಪ್ಪಿಗೆಯೇ ಮುಖ್ಯವಾಗಿತ್ತು. ಧಾರವಾಡದ ಹಳೆಯ ಮಡಿವಂತಿಕೆಯಲ್ಲಿ ಬೆಳೆದ ಅವ್ವ, ಸ್ವರ್ಗದ ಬಾಗಿಲಲ್ಲೂ ನಾಯಿಯನ್ನು ಬಿಡಲೊಲ್ಲದ ಧರ್ಮರಾಯನನ್ನು ತಾವೇ ನೆನೆದು, ದೇವರ ಮನೆಯ ಹೊಸ್ತಿಲು ದಾಟಬಾರದೆಂಬ ಒಂದೇ ಷರತ್ತಿನ ಮೇಲೆ ಒಪ್ಪಿದರು.

ಮೂರು ದಿನ, ಮೂರು ವಾರ, ಮೂರು ತಿಂಗಳು

ನಾಯಿ ಹೊಸ ಮನೆಗೆ ಹೊಂದಿಕೊಳ್ಳುವುದನ್ನು ಆಶ್ರಯಧಾಮದವರು ಮೂರು ಹಂತಗಳಾಗಿ ವಿವರಿಸುತ್ತಾರೆ. ಗಾಬರಿ ಕಳೆಯಲು ಮೂರು ದಿನ, ದಿನಚರಿ ಅರಿಯಲು ಮೂರು ವಾರ, ಇದು ನನ್ನ ಮನೆ ಎಂಬ ಭರವಸೆ ಮೂಡಲು ಮೂರು ತಿಂಗಳು. ಇದು ಸ್ಥೂಲವಾದ ಲೆಕ್ಕ, ಒಂದೊಂದು ನಾಯಿಗೆ ಒಂದೊಂದು ರೀತಿ.

ಮೊದಲ ಮೂರು ದಿನ ಮೋತಿ ಮಂಚದ ಕೆಳಗಿನಿಂದ ಈಚೆ ಬರಲಿಲ್ಲ. ಅನ್ನವನ್ನು ಮೂಸಿಯೂ ನೋಡಲಿಲ್ಲ. ನಾಯಿಗೆ ನಾವು ಹಿಡಿಸಲಿಲ್ಲವೆಂದು ಕೊರಗಿದೆವು. ಆದರೆ ಇದು ಸಹಜ. ಈ ದಿನಗಳಲ್ಲಿ ನೆಂಟರನ್ನು ಕರೆದು ತೋರಿಸುವುದು, ಸ್ನಾನ ಮಾಡಿಸುವುದು, ಎತ್ತಿ ಮುದ್ದಿಸುವುದು ಬೇಡ. ಗದ್ದಲವಿಲ್ಲದ ಮೂಲೆಯಲ್ಲಿ ಒಂದು ಚಾಪೆ, ನೀರು, ನಿಗದಿತ ವೇಳೆಗೆ ಊಟ ಮತ್ತು ನಡಿಗೆ ಇದ್ದರೆ ಸಾಕು. ಆಶ್ರಯಧಾಮದಲ್ಲಿ ಕೊಡುತ್ತಿದ್ದ ಆಹಾರವನ್ನೇ ಕೆಲವು ದಿನ ಮುಂದುವರಿಸಿ, ಬಳಿಕ ಒಂದು ವಾರದಲ್ಲಿ ಹಂತಹಂತವಾಗಿ ಬದಲಿಸಿದರೆ ಹೊಟ್ಟೆ ಕೆಡುವುದಿಲ್ಲ.

ನಾಯಿ ತಪ್ಪಿಸಿಕೊಳ್ಳುವ ಭಯ ಹೆಚ್ಚಾಗಿರುವುದೂ ಈ ಆರಂಭದ ವಾರಗಳಲ್ಲೇ. ಆದುದರಿಂದ ಕತ್ತುಪಟ್ಟಿಗೆ ದೂರವಾಣಿ ಸಂಖ್ಯೆಯ ಬಿಲ್ಲೆ ಕಟ್ಟಬೇಕು, ಎದೆಗೆ ಹಾಕುವ ಪಟ್ಟಿಯಿಲ್ಲದೆ ಹೊರಗೆ ಒಯ್ಯಬಾರದು. ನಮ್ಮ ಕಿವಿಗೆ ನಿಲುಕದ ಸದ್ದುಗಳೂ ನಾಯಿಗೆ ಕೇಳಿಸುತ್ತವೆ. ಗಣೇಶೋತ್ಸವ, ದೀಪಾವಳಿಯ ರಾತ್ರಿಗಳಲ್ಲಿ ಕಿಟಕಿ ಬಾಗಿಲು ಮುಚ್ಚಿ ಜೊತೆಯಲ್ಲಿರುವುದು ಅವಶ್ಯ.

ಊರುಗೋಲಿನ ಪ್ರಸಂಗ

ಮೂರನೆಯ ವಾರದಲ್ಲಿ ನಡೆದುದನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಒಂದು ಸಂಜೆ ಅವ್ವ ಊರುಗೋಲು ಹಿಡಿದು, ಕೆಳಗೆ ಬಿದ್ದ ಪತ್ರಿಕೆಯನ್ನು ಎತ್ತಿಕೊಳ್ಳಲು ಬಾಗಿದರು. ಮೋತಿ ಗೋಡೆಗೆ ಒತ್ತರಿಸಿ ನಿಂತು, ಹಲ್ಲು ತೋರಿಸಿ ಗುರುಗುಟ್ಟಿತು. ಕಚ್ಚಲಿಲ್ಲ, ಆದರೆ ಅವ್ವನ ಕೈ ನಡುಗುತ್ತಿತ್ತು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮರುದಿನವೇ ಆಶ್ರಯಧಾಮಕ್ಕೆ ಫೋನು ಮಾಡಿ, ನಾಯಿಯನ್ನು ಹಿಂದಿರುಗಿಸುವುದಾಗಿ ಹೇಳಿಯೂ ಬಿಟ್ಟೆವು. ಅಲ್ಲಿನ ಕಾರ್ಯಕರ್ತೆ ನಮ್ಮನ್ನು ದೂರಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ‘ಅಜ್ಜಿಯ ಕೈಯಲ್ಲಿ ಏನಿತ್ತು?’

ಬೀದಿಯಲ್ಲಿ ಕಳೆದ ತಿಂಗಳುಗಳಲ್ಲಿ ಆ ನಾಯಿಗೆ ಕೋಲು ಎಂದರೆ ಏನಾಗಿದ್ದೀತು ಎಂಬುದು ಆಗ ನಮಗೆ ಹೊಳೆಯಿತು. ಅವರು ಹೇಳಿದಂತೆ, ಅವ್ವನನ್ನೂ ಮೋತಿಯನ್ನೂ ಕೆಲವು ದಿನ ಬೇರೆಬೇರೆ ಕೋಣೆಗಳಲ್ಲಿ ಇರಿಸಿದೆವು. ಕೋಲನ್ನು ನೆಲದ ಮೇಲೆ ಮಲಗಿಸಿ, ಮೋತಿ ಹೆದರದಷ್ಟು ದೂರದಲ್ಲಿ ಪನೀರಿನ ಚೂರುಗಳನ್ನು ಇಡುತ್ತ ಬಂದೆವು. ದಿನಕ್ಕೆ ಎರಡು ಸಲ, ಐದೈದು ನಿಮಿಷ ಮಾತ್ರ. ದೂರವನ್ನು ದಿನದಿನಕ್ಕೆ ಕಡಿಮೆ ಮಾಡಿ, ಮುಂದೆ ನಾವೇ ಕೋಲು ಹಿಡಿದು ನಿಂತು, ಕೊನೆಗೆ ಅವ್ವ ಕುರ್ಚಿಯಲ್ಲಿ ಕುಳಿತು ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಚೂರು ಹಾಕಿದರು. ಆರು ವಾರ ಹಿಡಿಯಿತು. ಒಂದು ಮಧ್ಯಾಹ್ನ ನೋಡಿದರೆ, ಗೋಡೆಗೆ ಒರಗಿಸಿದ ಆ ಊರುಗೋಲಿನ ಬುಡದಲ್ಲೇ ಮೋತಿ ನಿದ್ರಿಸುತ್ತಿತ್ತು. ಅಂದಿನಿಂದ ಅವ್ವನ ಮಾತಿನಲ್ಲಿ ‘ಅದು’ ಹೋಗಿ ‘ಅವಳು’ ಬಂದಿತು. ನಮಗೂ ಅದೇ ರೂಢಿಯಾಗಿದೆ.

ಇದರಿಂದ ಕಲಿತ ಪಾಠ ಇಷ್ಟು. ಗುರುಗುಟ್ಟುವುದು ನಾಯಿಯ ಎಚ್ಚರಿಕೆಯ ಮಾತು. ಹೊಡೆದು ಅದನ್ನು ಅಡಗಿಸಿದರೆ ಭಯ ಅಡಗುವುದಿಲ್ಲ, ಎಚ್ಚರಿಸದೆ ಕಚ್ಚುವ ಅಪಾಯ ಹೆಚ್ಚುತ್ತದೆ. ಎಲ್ಲ ನಾಯಿಗಳೂ ಎಲ್ಲ ಮನೆಗಳಿಗೂ ಹೊಂದುವುದಿಲ್ಲ ಎಂಬುದೂ ಅಷ್ಟೇ ನಿಜ. ಚಿಕ್ಕ ಮಕ್ಕಳಿಗೋ ವೃದ್ಧರಿಗೋ ಅಪಾಯವಿದ್ದರೆ ಅದೇ ಆಶ್ರಯಧಾಮಕ್ಕೆ ಒಪ್ಪಿಸುವುದು ತಪ್ಪಲ್ಲ. ಬೀದಿಗೆ ಬಿಡುವುದು ತಪ್ಪು.

ಆಹಾರ, ಆರೋಗ್ಯ

ನಮ್ಮ ಮನೆಗಳಲ್ಲಿ ನಾಯಿಗೆ ಉಳಿದ ಸಾರನ್ನ, ಪಾಯಸ ಹಾಕುವುದು ವಾಡಿಕೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಗೆಡವುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹಾನಿಕರ. ಚಾಕೊಲೇಟು ವಿಷ. ಬರಿಯ ಮೊಸರನ್ನವೂ ಸಾಲದು, ಸಾಕಷ್ಟು ಪ್ರೊಟೀನು ಬೇಕು. ಸಸ್ಯಾಹಾರಿ ಮನೆಯವರು ಪಶುವೈದ್ಯರೊಡನೆ ಸಮಾಲೋಚಿಸಿ ಆಹಾರ ನಿರ್ಧರಿಸಬೇಕು. ಮನೆಗೆ ಬಂದ ವಾರದಲ್ಲೇ ವೈದ್ಯರಿಗೆ ತೋರಿಸಿ, ಉಣ್ಣಿಗಳಿಂದ ಹರಡುವ ಜ್ವರಕ್ಕಾಗಿ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ರೇಬೀಸ್ ಲಸಿಕೆಯನ್ನು ಪ್ರತಿವರ್ಷ ತಪ್ಪಿಸಬಾರದು. ಯಾವ ನಾಯಿಯೇ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಆಹಾರ, ಔಷಧಿ ಸೇರಿ ನಮಗೆ ತಿಂಗಳಿಗೆ ಸುಮಾರು 4,000 ರೂಪಾಯಿ ತಗಲುತ್ತಿದೆ. ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ವಿವೇಕ.

ಕಾನೂನು ಏನನ್ನುತ್ತದೆ?

ಮುಂಬೈಯಲ್ಲಿ ಸಾಕುನಾಯಿಗೆ ಮಹಾನಗರ ಪಾಲಿಕೆಯ ಪರವಾನಗಿ ಬೇಕು. ವಸತಿ ಸೊಸೈಟಿಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆವರಣವನ್ನು ಶುಚಿಯಾಗಿಡುವ ಹೊಣೆ ಸಾಕುವವರದು. ಹಸಿವು ನೀರಡಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ದೆಹಲಿಯ ಬೀದಿ ನಾಯಿಗಳ ಪ್ರಕರಣದಲ್ಲಿ 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶವು, ಬೀದಿ ನಾಯಿಗಳನ್ನು ದತ್ತು ಪಡೆಯಲು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದಿತು. ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆಯನ್ನೂ ಅರ್ಜಿದಾರರ ಮೇಲೆಯೇ ಹೊರಿಸಿತು.

ಮರ ಬಗ್ಗಿದ ಬಗೆ

ಬೆಳೆದ ನಾಯಿ ಹೊಸ ಒಡೆಯನಿಗೆ ಒಲಿಯುವುದು ನಮ್ಮ ನಾಡಿಗೆ ಹೊಸ ಸಂಗತಿಯೇನಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ, ಮಣಲೇರನೆಂಬ ವೀರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಒಡೆಯನಿಂದ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಹೋರಾಡಿ ಮಡಿದ ಕಾಳಿಗಾಗಿ ನಿಲ್ಲಿಸಿದ ಆ ಕಲ್ಲನ್ನು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಮ್ಮಲ್ಲಿ ಬಹುಮಂದಿ ಈ ಮಹಾನಗರಕ್ಕೆ ಬಂದುದು ಬೆಳೆದ ಮೇಲೆಯೇ. ಇಪ್ಪತ್ತೈದರಲ್ಲೋ ಮೂವತ್ತರಲ್ಲೋ ಬಂದು, ತಪ್ಪುತಪ್ಪಾಗಿ ಮರಾಠಿ ಕಲಿತು, ಲೋಕಲ್ ರೈಲಿನ ವೇಳೆಗೆ ಬದುಕನ್ನು ಹೊಂದಿಸಿಕೊಂಡು, ಇದನ್ನೇ ನಮ್ಮ ಊರೆಂದುಕೊಂಡೆವು. ಮೋತಿ ಬಂದಾಗ ಅವಳಿಗೆ ‘ಯೇ’, ‘ಬಸ್’ ಎಂಬ ಮರಾಠಿ ಮಾತುಗಳು ಮಾತ್ರ ತಿಳಿಯುತ್ತಿದ್ದವು. ಈಗ ಅವ್ವ ಧಾರವಾಡದ ಕನ್ನಡದಲ್ಲಿ ‘ಬಾ ಯವ್ವಾ, ಕುಂದ್ರು’ ಎಂದರೆ ಬಂದು ಕುಳಿತುಕೊಳ್ಳುತ್ತಾಳೆ.

ನಾಯಿ ಸಾಕುವ ಆಸೆಯುಳ್ಳ ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮರಿಗೆ ಮುಂಗಡ ಹಣ ಕೊಡುವ ಮೊದಲು ಒಂದು ಭಾನುವಾರ ಹತ್ತಿರದ ಆಶ್ರಯಧಾಮಕ್ಕೆ ಹೋಗಿ, ಬೆಳೆದ ನಾಯಿಗಳಿರುವ ಕಡೆ ಅರ್ಧ ಗಂಟೆ ಸುಮ್ಮನೆ ಕುಳಿತು ಬನ್ನಿ.