ಅದೃಷ್ಟದ ಪೆಟ್ಟಿಗೆ ಯಾರ ಕೇರಿಯಲ್ಲಿ?

ಅಮೆರಿಕದ ಬಹುತೇಕ ಊರುಗಳಲ್ಲಿ ದಿನಸಿ ಅಂಗಡಿಯ ಬಾಗಿಲು ದಾಟಿದೊಡನೆ ಆಳೆತ್ತರದ ಪೆಟ್ಟಿಗೆಯೊಂದು ಕಣ್ಣಿಗೆ ಬೀಳುವ ಸಂಭವವುಂಟು. ಅದರ ಗಾಜಿನ ಹಿಂದೆ ಕೆಂಪು, ಹಳದಿ, ಬಂಗಾರದ ಬಣ್ಣದ ಚೀಟಿಗಳು ಸಾಲುಸಾಲಾಗಿ ಮೆರೆಯುತ್ತಿರುತ್ತವೆ. ಜಾತ್ರೆಯ ಬಳೆಯಂಗಡಿಗೂ ಅಷ್ಟು ಬೆಡಗಿರಲಾರದು. ಗಿರಾಕಿಯು ನೋಟನ್ನು ಯಂತ್ರದ ಬಾಯಿಗೆ ಒಡ್ಡಿದರೆ ಅದು ಒಳಗೆಳೆದುಕೊಂಡು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುತ್ತದೆ. ಗುಂಡಿಯನ್ನೊತ್ತಿದರೆ, ಒಳಗೆ ಮಡಿಕೆ ಮಡಿಕೆಯಾಗಿರುವ ಪಟ್ಟಿಯಿಂದ ಒಂದು ಚೀಟಿ ಮುಂದಕ್ಕೆ ಸರಿದು, ರಂಧ್ರಗಳ ಸಾಲಿನಲ್ಲಿ ಹರಿದು, ಕೆಳಗಿನ ತಟ್ಟೆಗೆ ಬೀಳುತ್ತದೆ. ಮೇಲಿನ ಲೇಪವನ್ನು ನಾಣ್ಯದ ಅಂಚಿನಿಂದ ಕೆರೆದರಾಯಿತು, ಗೆಲುವು ಸೋಲು ಅಲ್ಲಿಯೇ ಇತ್ಯರ್ಥ. ಅನೇಕ ರಾಜ್ಯಗಳಲ್ಲಿ ಈ ಯಂತ್ರ ಚಿಲ್ಲರೆಯನ್ನು ಮರಳಿಸುವುದಿಲ್ಲ. ಇಪ್ಪತ್ತು ಡಾಲರಿನ ನೋಟು ಹಾಕಿ ಐದು ಡಾಲರಿನ ಚೀಟಿ ಪಡೆದವನು ಉಳಿದ ಹದಿನೈದಕ್ಕೂ ಚೀಟಿಯನ್ನೇ ಕೊಳ್ಳಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಂಚನೆಯ ಹಗರಣಗಳಿಂದ ಹೆಸರು ಕೆಟ್ಟು ಆ ದೇಶದಲ್ಲಿ ನಿಂತುಹೋಗಿದ್ದ ಲಾಟರಿಗೆ 1964ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಮರುಹುಟ್ಟು ಕೊಟ್ಟಿತು. ಕೆರೆದು ನೋಡುವ ಚೀಟಿಯನ್ನು 1974ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಬಳಕೆಗೆ ತಂದಿತು. ಇಂದು 50 ರಾಜ್ಯಗಳ ಪೈಕಿ 45ರಲ್ಲಿ ಸರಕಾರವೇ ಲಾಟರಿಯ ಯಜಮಾನ. ಜೂಜಿಗೆ ಜಗತ್ಪ್ರಸಿದ್ಧವಾದ ನೆವಾಡಾ ಮಾತ್ರ ಉಳಿದ ಐದರಲ್ಲಿ ಒಂದೆಂಬುದು ವಿನೋದದ ಸಂಗತಿ.

ಚೀಟಿ ಮಾರುವ ಅಂಗಡಿಗಾರನಿಗೆ ಡಾಲರಿಗೆ ಸುಮಾರು ಐದಾರು ಸೆಂಟು ಕಮಿಷನ್ ದೊರೆಯುತ್ತದೆ. ಅಷ್ಟಕ್ಕಾಗಿ ಗಲ್ಲದ ಮುಂದೆ ಸಾಲು ಬೆಳೆಸಿಕೊಳ್ಳಲು ದೊಡ್ಡ ಅಂಗಡಿಗಳಿಗೆ ಮನಸ್ಸಿರಲಿಲ್ಲ. ಯಂತ್ರಕ್ಕಾದರೋ ಸಂಬಳವಿಲ್ಲ, ಸಾಲಿನ ಗೊಡವೆಯಿಲ್ಲ. ಕೊಳ್ಳುವವನಿಗೂ ಅದರಲ್ಲಿ ಒಂದು ಸೌಕರ್ಯವುಂಟು: ಬೆಳಗ್ಗೆಯಿಂದ ಇದು ಎಷ್ಟನೆಯ ಚೀಟಿಯೆಂದು ನೆನಪಿಟ್ಟುಕೊಳ್ಳುವ ಮಾರಾಟಗಾರನ ಕಣ್ಣನ್ನು ಅವನು ಎದುರಿಸಬೇಕಾಗಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಹದಿನೆಂಟು ತುಂಬದವರಿಗೆ ಚೀಟಿ ಮಾರಕೂಡದು. ಆದುದರಿಂದ ಗಲ್ಲದ ಹಿಂದಿನಿಂದಲೇ ಯಂತ್ರವನ್ನು ನಿಲ್ಲಿಸಬಲ್ಲ ಸಾಧನವನ್ನು ಅಂಗಡಿಗಾರನಿಗೆ ಕೊಡುವುದುಂಟು. ಸಂಜೆಯ ಗದ್ದಲದಲ್ಲಿ ಆತ ಎಷ್ಟು ಬಾರಿ ತಲೆಯೆತ್ತಿ ನೋಡಿಯಾನೆಂಬುದು ಬೇರೆಯ ಪ್ರಶ್ನೆ.

ಇನ್ನು ಈ ಪೆಟ್ಟಿಗೆಗಳು ನಿಲ್ಲುವ ಜಾಗದ ವಿಚಾರ. ಪೆಟ್ರೋಲು ಪಂಪು, ಮದ್ಯದಂಗಡಿ, ಬೀದಿ ಮೂಲೆಯ ದಿನಸಿ ಅಂಗಡಿ, ವೇತನದ ಚೆಕ್ಕಿಗೆ ನಗದು ಕೊಡುವ ಮಳಿಗೆ, ಇವೇ ಲಾಟರಿಯ ನೆಲೆಗಳು. ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ತನಿಖಾ ಪತ್ರಿಕೋದ್ಯಮ ಕೇಂದ್ರವಾದ ಹೊವರ್ಡ್ ಸೆಂಟರ್ 2022ರಲ್ಲಿ ದೇಶದ ಲಾಟರಿ ಅಂಗಡಿಗಳನ್ನು ನಕ್ಷೆಯ ಮೇಲೆ ಗುರುತಿಸಿ ನೋಡಿದಾಗ, ಹೆಚ್ಚುಕಡಿಮೆ ಪ್ರತಿಯೊಂದು ರಾಜ್ಯದಲ್ಲಿಯೂ ಅವು ಕಡಮೆ ವರಮಾನದ ಪ್ರದೇಶಗಳಲ್ಲಿಯೇ ಅಳತೆಮೀರಿ ಕಿಕ್ಕಿರಿದಿರುವುದು ಕಂಡುಬಂದಿತು.

ಇದರ ಹಿಂದೆ ಯಾರದೋ ಸಂಚು ಇದೆಯೆಂದು ಭಾವಿಸುವುದು ಸುಲಭ. ಆದರೆ ವಿಷಯ ಅಷ್ಟು ಸರಳವಲ್ಲ. ಉಳ್ಳವರ ಬಡಾವಣೆಗಳಲ್ಲಿ ಮನೆಗಳ ನಡುವೆ ಅಂಗಡಿ ತೆರೆಯಲು ನಗರಾಡಳಿತದ ಕಟ್ಟಳೆಗಳೇ ಅಡ್ಡಿ. ಅಲ್ಲಿಯವರು ಕಾರಿನಲ್ಲಿ ದೂರದ ದೊಡ್ಡ ಮಳಿಗೆಗೆ ಹೋಗಿ ವಾರದ ಸಾಮಾನನ್ನು ಒಂದೇ ಸಲ ತರುತ್ತಾರೆ. ಬಡವರ ಕೇರಿಯಲ್ಲಿ ತಿರುವಿಗೊಂದು ಪುಟ್ಟ ಅಂಗಡಿ. ಹಾಲು, ಬ್ರೆಡ್ಡು, ಸಿಗರೇಟುಗಳ ಅಲ್ಪ ಲಾಭದಿಂದ ಬಾಡಿಗೆ ಹುಟ್ಟದ ಆ ಅಂಗಡಿಗಾರನಿಗೆ ಲಾಟರಿಯ ಕಮಿಷನ್ ಒಂದು ಊರುಗೋಲು. ಚೀಟಿಗೆಂದು ಬಂದವನು ಬರಿಗೈಯಲ್ಲಿ ಹೋಗುವುದಿಲ್ಲವೆಂಬ ಆಸೆ ಬೇರೆ. ಲಾಟರಿ ಇಲಾಖೆಯವರು ಇನ್ನೊಂದು ವಾದವನ್ನು ಹೂಡುತ್ತಾರೆ: ಜನ ಚೀಟಿ ಕೊಳ್ಳುವುದು ಕೆಲಸಕ್ಕೆ ಹೋಗುವ ದಾರಿಯಲ್ಲಿ, ಪೆಟ್ರೋಲು ತುಂಬಿಸುವಲ್ಲಿ, ಅಂಗಡಿ ಬಡವರ ಕೇರಿಯಲ್ಲಿದ್ದ ಮಾತ್ರಕ್ಕೆ ಕೊಂಡವರು ಬಡವರೆನ್ನಲಾಗದು. ಹೆದ್ದಾರಿಯ ಪಂಪುಗಳ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ಹೆದ್ದಾರಿಯಿಂದ ದೂರದ ಗಲ್ಲಿಯ ಮೂಲೆಯಲ್ಲಿ, ನಡೆದು ಬರುವ ನೆರೆಹೊರೆಯವರಲ್ಲದೆ ಬೇರೆ ಗಿರಾಕಿಯೇ ಇಲ್ಲದ ಅಂಗಡಿಗೆ ಅದು ಹೊಂದುವುದಿಲ್ಲ. ಮೇಲಾಗಿ ಪ್ರತಿ ಅಂಗಡಿಗೂ ಪರವಾನೆ ಕೊಡುವುದು ಅದೇ ಇಲಾಖೆ.

ಬಡವರಿಗೆ ಅಂಕಿಗಳ ಹುಚ್ಚು ಮೊದಲೇ ಇತ್ತು, ಸರಕಾರ ಅದನ್ನು ಹುಟ್ಟಿಸಲಿಲ್ಲ ಎನ್ನುವವರೂ ಇದ್ದಾರೆ. ಇದು ನಿಜ. ನ್ಯೂಯಾರ್ಕಿನ ನೀಗ್ರೋ ಜನರ ಬೀಡಾದ ಹಾರ್ಲೆಮ್‌ನಲ್ಲಿ 1920ರ ದಶಕದಲ್ಲಿಯೇ ಮೂರಂಕಿಯ ಆಟ ಮನೆಮನೆಗೂ ಹಬ್ಬಿತ್ತು. ನಗರದ ಬ್ಯಾಂಕುಗಳ ಕ್ಲಿಯರಿಂಗ್ ಹೌಸ್ ದಿನವೂ ಪ್ರಕಟಿಸುತ್ತಿದ್ದ ಮೊತ್ತದಿಂದ ಅಂದಿನ ಅಂಕಿಯನ್ನು ಆರಿಸುತ್ತಿದ್ದುದರಿಂದ ಮೋಸಕ್ಕೆ ಎಡೆಯಿರಲಿಲ್ಲ. (ನಮ್ಮ ಕಡೆ ‘ಓಸಿ’ ಎನಿಸಿಕೊಂಡ ಮಟ್ಕಾ ಕೂಡ ಮೊದಲು ನಡೆದುದು ಅದೇ ನ್ಯೂಯಾರ್ಕಿನ ಹತ್ತಿ ಪೇಟೆಯಿಂದ ಮುಂಬಯಿಗೆ ಬರುತ್ತಿದ್ದ ಆರಂಭದ ಮತ್ತು ಮುಕ್ತಾಯದ ಧಾರಣೆಗಳ ಮೇಲೆಯೇ. ‘ಓಪನ್’, ‘ಕ್ಲೋಸ್’ ಎಂಬವುಗಳ ಮೊದಲಕ್ಷರಗಳೇ ಓಸಿ.) ಹಾರ್ಲೆಮ್‌ನ ಆಟದ ಧಣಿಗಳಲ್ಲೊಬ್ಬನಾದ ಕ್ಯಾಸ್ಪರ್ ಹೋಲ್‌ಸ್ಟೀನ್ ‘ಆಪರ್ಚುನಿಟಿ’ ಪತ್ರಿಕೆಯ ಸಾಹಿತ್ಯ ಸ್ಪರ್ಧೆಗೆ ಬಹುಮಾನದ ಹಣ ಕೊಟ್ಟವನು. ಜೂಜಿನ ಕಾಸು ಕವಿಗಳ ಕೈಸೇರಿದ ಅಪರೂಪದ ಪ್ರಸಂಗವಿದು.

ಆ ಆಟ ಕಾನೂನಿಗೆ ವಿರುದ್ಧವಾಗಿತ್ತು, ಪೊಲೀಸರ ಮಾಮೂಲಿಗೂ ದಾರಿಯಾಗಿತ್ತು. ಆದರೂ ಹಣದ ಒಂದು ಪಾಲು ಕೇರಿಯೊಳಗೇ ಸುತ್ತುತ್ತಿತ್ತು. ಮನೆ ಬಾಗಿಲಿಗೆ ಬಂದು ಅಂಕಿ ಬರೆದುಕೊಳ್ಳುವ ಆಳು ಅದೇ ಬೀದಿಯವನು. ಕೈಯಲ್ಲಿ ಕಾಸಿಲ್ಲದಿದ್ದರೆ ನಾಳೆ ಕೊಡು ಎನ್ನುವವನು. ಗೆದ್ದವನಿಗೆ ಸಾಮಾನ್ಯವಾಗಿ ಒಂದಕ್ಕೆ ಆರುನೂರು. 1975ರಲ್ಲಿ ನ್ಯೂಜೆರ್ಸಿಯೂ 1980ರಲ್ಲಿ ನ್ಯೂಯಾರ್ಕೂ ಇದೇ ಮೂರಂಕಿಯ ಆಟವನ್ನು ಸರಕಾರದ ಲಾಟರಿಯಾಗಿ ಆರಂಭಿಸಿದಾಗ ಗೆದ್ದವನ ಪಾಲು ಒಂದಕ್ಕೆ ಐನೂರರ ಸುಮಾರಿಗಿಳಿಯಿತು. ಆಟವನ್ನು ಕಾನೂನುಬದ್ಧಗೊಳಿಸುವುದಾದರೆ ಅದರ ಆಡಳಿತವನ್ನೂ ಉದ್ಯೋಗಗಳನ್ನೂ ತಮ್ಮ ಕೇರಿಯವರಿಗೇ ಬಿಡಬೇಕೆಂದು ಹಾರ್ಲೆಮ್‌ನ ಮುಂದಾಳುಗಳು ಒತ್ತಾಯಿಸಿದ್ದರು. ಅದು ಈಡೇರಲಿಲ್ಲ. ಅಂಕಿ ಬರೆಯುವ ಆಳಿನ ಜಾಗಕ್ಕೆ ಅಂಗಡಿಯ ಯಂತ್ರ ಬಂದಿತು.

ಇದ್ದ ಹುಚ್ಚನ್ನು ಸರಕಾರ ಸುಮ್ಮನೆ ಅನುಸರಿಸಿತೆನ್ನಲೂ ಆಗದು. ಚಿಕಾಗೋ ನಗರದ ಪಶ್ಚಿಮ ಭಾಗದ ಬಡ ಕೇರಿಯಲ್ಲಿ ಹಾದುಹೋಗುವ ವಾಷಿಂಗ್‌ಟನ್ ಬುಲೆವಾರ್ಡ್ ಎಂಬ ಬೀದಿಯಿಂದ ಸುಖದ ಬೀದಿಗೆ ಹೋಗುವ ದಾರಿ ಲಾಟರಿಯೇ ಎಂದು ಸಾರುವ ಫಲಕವನ್ನು ಇಲಿನಾಯ್ ರಾಜ್ಯದ ಲಾಟರಿ ಅಲ್ಲಿಯೇ ನಿಲ್ಲಿಸಿತ್ತು. ಉಳ್ಳವರ ಬೀದಿಯಲ್ಲಿ ಆ ಫಲಕಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಅಮೆರಿಕದ ಸಂಸತ್ತು 1996ರಲ್ಲಿ ನೇಮಿಸಿದ ಜೂಜಿನ ಪರಿಣಾಮಗಳ ರಾಷ್ಟ್ರೀಯ ಆಯೋಗ 1999ರಲ್ಲಿ ವರದಿ ಒಪ್ಪಿಸಿತು. ಅದಕ್ಕಾಗಿ ಡ್ಯೂಕ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಕ್ಲಾಟ್‌ಫೆಲ್ಟರ್, ಫಿಲಿಪ್ ಕುಕ್ ಮೊದಲಾದ ವಿದ್ವಾಂಸರು ಹಾಕಿದ ಲೆಕ್ಕದ ಪ್ರಕಾರ, ಚೀಟಿ ಕೊಳ್ಳುವವರಲ್ಲಿ ಅತಿ ಹೆಚ್ಚು ವೆಚ್ಚಮಾಡುವ ನೂರಕ್ಕೆ ಐದು ಮಂದಿಯಿಂದಲೇ ಒಟ್ಟು ಮಾರಾಟದ ಅರ್ಧಕ್ಕೂ ಮಿಕ್ಕು ಬರುತ್ತಿತ್ತು. ಬಡ ಪ್ರದೇಶಗಳನ್ನೂ ಇಂಥ ಭಾರಿ ಆಟಗಾರರನ್ನೂ ಅವಲಂಬಿಸುವುದನ್ನು ರಾಜ್ಯಗಳು ಕಡಮೆಮಾಡಬೇಕು, ಬಡ ಕೇರಿಗಳಲ್ಲಿ ಜಾಹೀರಾತಿಗೂ ಮಾರಾಟದ ತಾಣಗಳ ಸಂಖ್ಯೆಗೂ ಮಿತಿ ಹಾಕಬೇಕು ಎಂದು ಆಯೋಗ ಸ್ಪಷ್ಟವಾಗಿ ಶಿಫಾರಸು ಮಾಡಿತು. ಅದಾಗಿ 23 ವರ್ಷಗಳ ಮೇಲೆ ಹೊವರ್ಡ್ ಸೆಂಟರಿನವರು ಬಿಡಿಸಿದ ನಕ್ಷೆ ಏನು ಹೇಳಿತೆಂಬುದನ್ನು ವಾಚಕರು ಆಗಲೇ ಬಲ್ಲರು. ಈ ನಡುವೆ ಚೀಟಿಯ ಬೆಲೆಯೂ ಏರಿತು. ಟೆಕ್ಸಾಸ್ ರಾಜ್ಯ 2007ರಲ್ಲಿ 50 ಡಾಲರಿನ ಚೀಟಿಯನ್ನೂ 2022ರಲ್ಲಿ 100 ಡಾಲರಿನ ಚೀಟಿಯನ್ನೂ ಹೊರತಂದಿತು.

ಲಾಟರಿಯ ಹಣ ವಿದ್ಯಾಭ್ಯಾಸಕ್ಕೆ ಸಲ್ಲುವುದೆಂಬ ಸಮಾಧಾನ ಎಲ್ಲೆಡೆಯೂ ಕೇಳಿಬರುತ್ತದೆ. ಇದಕ್ಕೆ ಜಾರ್ಜಿಯಾ ರಾಜ್ಯದ ಉದಾಹರಣೆಯೇ ಹೆಚ್ಚು ಪ್ರಸಿದ್ಧ. ಗವರ್ನರ್ ಜೆಲ್ ಮಿಲ್ಲರರ ಪ್ರಯತ್ನದಿಂದ 1993ರಲ್ಲಿ ಅಲ್ಲಿ ಲಾಟರಿ ಆರಂಭವಾಗಿ, ಅದರ ಉತ್ಪತ್ತಿಯಿಂದ ಒಳ್ಳೆಯ ಅಂಕ ಗಳಿಸಿದ ವಿದ್ಯಾರ್ಥಿಗಳ ಕಾಲೇಜು ಶುಲ್ಕವನ್ನು ಭರಿಸುವ ‘ಹೋಪ್’ ವಿದ್ಯಾರ್ಥಿವೇತನ ಹುಟ್ಟಿತು. ಹೋಪ್ ಎಂದರೆ ಭರವಸೆ. ಮೊದಲ ವರ್ಷ, ಕುಟುಂಬದ ವಾರ್ಷಿಕ ವರಮಾನ 66,000 ಡಾಲರಿಗೆ ಮೀರಿರಬಾರದೆಂಬ ನಿಯಮವಿತ್ತು. ಮರುವರ್ಷ ಆ ಮಿತಿ ಒಂದು ಲಕ್ಷಕ್ಕೇರಿತು. 1995ರಲ್ಲಿ ಅದನ್ನು ತೆಗೆದೇ ಹಾಕಲಾಯಿತು. ಚೀಟಿಗಳನ್ನು ಹೆಚ್ಚಾಗಿ ಕೊಳ್ಳುತ್ತಿದ್ದವರು ಕಡಮೆ ವರಮಾನದವರೂ ನೀಗ್ರೋ ಕುಟುಂಬಗಳವರೂ. ವೇತನದ ಲಾಭ ಹೆಚ್ಚಾಗಿ ಸಂದುದು ಅನುಕೂಲವಂತ ಬಿಳಿಯರ ಮನೆಗಳಿಗೆ. ಅರ್ಥಶಾಸ್ತ್ರಜ್ಞರು ಲೆಕ್ಕವಿಟ್ಟು ತೋರಿಸಿದ ಸಂಗತಿಯಿದು. ಅದೇ ಹಣದಿಂದ ನಡೆಯುವ ಶಿಶುವಿಹಾರಗಳ ಪ್ರಯೋಜನ ಬಡವರಿಗೆ ಇದಕ್ಕಿಂತ ಚೆನ್ನಾಗಿ ತಲುಪಿತೆಂಬುದನ್ನೂ ಅವರು ಮರೆಮಾಚಲಿಲ್ಲ.

2011ರಲ್ಲಿ ಹಣ ಸಾಲದೆ ಬಂದಾಗ ಜಾರ್ಜಿಯಾ ಸರಕಾರ ವೇತನವನ್ನು ಎರಡು ದರ್ಜೆಗಳಾಗಿ ಒಡೆದು, ಪೂರ್ತಿ ಶುಲ್ಕವನ್ನು ಅತ್ಯುನ್ನತ ಅಂಕ ಗಳಿಸಿದವರಿಗೆ ಮೀಸಲಿಟ್ಟು, ಉಳಿದವರದನ್ನು ಕತ್ತರಿಸಿತು. ಅಂಥ ಅಂಕಗಳು ಹೆಚ್ಚಾಗಿ ಬರುವುದು ಮನೆಪಾಠಕ್ಕೆ ಅನುಕೂಲವಿರುವ ಬಡಾವಣೆಗಳ ಶಾಲೆಗಳಿಂದ, ಎಂದರೆ ಮೂಲೆಯಂಗಡಿಗಳೇ ಇಲ್ಲದ ಬೀದಿಗಳಿಂದ. 2023ರಲ್ಲಿ ಸಾರ್ವಜನಿಕ ಕಾಲೇಜುಗಳ ಪೂರ್ತಿ ಶುಲ್ಕವನ್ನು ಹೋಪ್ ವೇತನದವರಿಗೂ ಮರಳಿ ಕೊಡಲಾಯಿತು. 1995ರಲ್ಲಿ ತೆಗೆದ ವರಮಾನದ ಮಿತಿ ಮಾತ್ರ ಆ ವೇತನಕ್ಕೆ ಮರಳಲಿಲ್ಲ.