ಬೂತಾಯಿಯ ನೆಲೆಯ ನಕ್ಷೆ

ಪ್ರಶ್ನೆ: ಮೀನಿರುವ ತಾಣವನ್ನು ಕಡಲಿಗಿಳಿಯದೆಯೇ ನಕ್ಷೆಯಲ್ಲಿ ಗುರುತಿಸಬಹುದೆ? (ಓದುಗರೊಬ್ಬರು, ಬಲ್ಮಠ, ಮಂಗಳೂರು)

ಉತ್ತರ: ಮೀನಿಗೆ ಒಗ್ಗುವ ನೀರನ್ನು ಗುರುತಿಸಬಹುದು. ನೈಋತ್ಯ ಮಾರುತದ ಕಾಲದಲ್ಲಿ ನಮ್ಮ ಕರಾವಳಿಯ ತಳದ ಶೀತಲಜಲವು ಪೋಷಕ ಲವಣಗಳೊಡನೆ ಮೇಲೇರಿ, ಬಿಸಿಲು ಸೋಂಕಿದೊಡನೆ ಸೂಕ್ಷ್ಮಸಸ್ಯಗಳು ಅಪಾರವಾಗಿ ವರ್ಧಿಸಲು, ಅವನ್ನು ಕಿವಿರಿನ ಜರಡಿಯಲ್ಲಿ ಸೋಸಿ ತಿನ್ನುವ ಬೂತಾಯಿ ಮೀನೂ, ಆ ಸಸ್ಯಗಳನ್ನುಂಡ ಕಿರುಜೀವಿಗಳನ್ನರಸುವ ಅದರ ಬಂಧುವಾದ ಕೊಲ್ಲತರುವೂ ಹಿಂಡುಹಿಂಡಾಗಿ ಅಲ್ಲಿಗೈದುತ್ತವೆ. ಆ ನೀರಿನ ಹಸಿರು ಛಾಯೆಯನ್ನೂ ಮೇಲ್ಮೈಯ ಉಷ್ಣತೆಯನ್ನೂ ಉಪಗ್ರಹಗಳು ಅಳೆಯುತ್ತವೆ. 1999ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯು ಆ ಅಳತೆಗಳನ್ನಾಧರಿಸಿ ಸಂಭಾವ್ಯ ಮೀನುಗಾರಿಕಾ ವಲಯಗಳನ್ನು ಪ್ರಕಟಿಸುತ್ತದೆ. ಮೋಡ ಕವಿದರೆ ಈ ಅಳತೆ ಕುಂಠಿತವಾಗುವುದು. ಆದುದರಿಂದ, ನೀರಿನ ಬಣ್ಣವನ್ನು ನೋಡಿಯೇ ಬಲೆ ಬೀಸುವ ಮೊಗವೀರ ಮೀನುಗಾರ ಹಿರಿಯರ ಅನುಭವವನ್ನೂ ನಕ್ಷೆಯೊಡನೆ ದಾಖಲಿಸುವುದು ಅತ್ಯಾವಶ್ಯಕವೆಂಬುದು ನನ್ನ ದೃಢವಾದ ಅಭಿಪ್ರಾಯ.